ಹಿಂದಿದ್ದಾಗ ಸೇಫ್ ಆಡಿದರೆ ಸೋಲೊಪ್ಪಿದಂತೆಯೇ?

ಎದುರಾಳಿಯ ಎರಡೇ ಬಾಲ್ ಉಳಿದಿವೆ, ಆಡುವವರದ್ದು ಇನ್ನೂ ಐದು. ರಾಯಚೂರಿನ ಪೂಲ್ ಟೇಬಲ್ ಇರಲಿ, ದೇವದುರ್ಗ, ಮಾನ್ವಿಯಿಂದ ಬೆಂಗಳೂರಿಗೆ ಓದಲು ಹೋದ ಹುಡುಗರು ಸೇರುವ ಪಾರ್ಲರ್ ಇರಲಿ, ಸುತ್ತ ನಿಂತವರ ಸಲಹೆ ಒಂದೇ: ‘ಹೊಡಿಯೋ, ಬಿದ್ರ ಬೀಳ್ತದ!’ ಗೆಲ್ಲಬಹುದಾದ ಎಷ್ಟೋ ಆಟಗಳು ಕೈತಪ್ಪುವುದು ಇಲ್ಲೇ.

ತಪ್ಪು ಕಲ್ಪನೆ: ಹಿಂದೆ ಬಿದ್ದವರು ಹೊಡೆದೇ ತೀರಬೇಕು.

ಸತ್ಯ: ಏಟ್‌ಬಾಲ್ ಆಟದಲ್ಲಿ ಸೇಫ್ ಆಡಲು, ಅಂದರೆ ಎದುರಾಳಿಗೆ ಸುಲಭ ಹೊಡೆತ ಸಿಗದಂತೆ ಆಡಲು, ಹೆಚ್ಚು ಅನುಕೂಲ ಇರುವುದೇ ಹಿಂದಿರುವವರಿಗೆ. ಅವರ ಐದು ಬಾಲ್‌ಗಳೂ ಎದುರಾಳಿಯ ದಾರಿಗೆ ಬೇಲಿಯಾಗುತ್ತವೆ. ಮರೆಮಾಡಬೇಕಾದದ್ದು ಎದುರಾಳಿಯ ಎರಡನ್ನು ಮಾತ್ರ. ಎದುರಾಳಿ ಮೊದಲು ತನ್ನ ಬಾಲ್‌ಗೆ ತಾಗಿಸದಿದ್ದರೆ ಫೌಲ್. ಅಂತರರಾಷ್ಟ್ರೀಯ ನಿಯಮದಂತೆ ಆಗ ಹಿಂದಿರುವವರು ಬಿಳಿ ಬಾಲನ್ನು ಟೇಬಲ್ಲಿನ ಮೇಲೆ ಬೇಕಾದಲ್ಲಿ ಇಟ್ಟು ಆಡಬಹುದು. ಮುಂದಿನ ಹೊಡೆತದ ಲೆಕ್ಕವಿಲ್ಲದೆ ಸಿಕ್ಕ ಒಂದು ಬಾಲನ್ನು ಪಾಟ್ ಮಾಡಿದರೆ (ಪಾಕೆಟ್‌ಗೆ ಬೀಳಿಸಿದರೆ) ಆಗುವುದು ಇದರ ವಿರುದ್ಧ: ಬೇಲಿಯ ಒಂದು ಗೂಟ ತಾನಾಗಿ ಕಿತ್ತುಹೋಗುತ್ತದೆ.

ತಪ್ಪು ಕಲ್ಪನೆ: ಸೇಫ್ಟಿ ಎಂದರೆ ಮೆಲ್ಲಗೆ ತಾಗಿಸಿ ಬಿಡುವುದು.

ಸತ್ಯ: ಬರೀ ತಾಗಿಸಿದರೆ ಫೌಲ್. ತಾಗಿದ ಮೇಲೆ ಯಾವುದಾದರೂ ಬಾಲ್ ಪಾಕೆಟ್‌ಗೆ ಬೀಳಬೇಕು, ಇಲ್ಲವೇ ಕುಷನ್ (ಟೇಬಲ್ಲಿನ ಅಂಚು) ಮುಟ್ಟಬೇಕು. ಆದ್ದರಿಂದ ಬಾಲ್‌ನ ಎಷ್ಟು ಭಾಗಕ್ಕೆ ತಾಗಿಸಬೇಕು, ಎಷ್ಟು ವೇಗ ಬೇಕು ಎಂಬ ಎರಡೂ ಲೆಕ್ಕ ಮೊದಲೇ ಆಗಿರಬೇಕು. ಪೂರ್ತಿ ಮರೆಯೂ ಬೇಕಿಲ್ಲ. ಬಿಳಿ ಬಾಲ್ ಕುಷನ್‌ಗೆ ಅಂಟಿ ನಿಂತರೆ ಕ್ಯೂ ತುದಿಗೆ ಸಿಗುವುದು ಅದರ ಮೇಲ್ಭಾಗ ಮಾತ್ರ. ಜೊತೆಗೆ ಗುರಿ ಟೇಬಲ್ಲಿನ ಆಚೆ ತುದಿಯಲ್ಲಿದ್ದರೆ ಪಳಗಿದ ಕೈಗೂ ಅದು ಕಷ್ಟ.

ತಪ್ಪು ಕಲ್ಪನೆ: ಸೇಫ್ಟಿ ಅಂಜುಬುರುಕರ ಆಟ.

ಸತ್ಯ: ಏಟ್‌ಬಾಲ್ ನಿಯಮದಲ್ಲೇ ‘ಸೇಫ್ಟಿ’ ಎಂದು ಮೊದಲೇ ಹೇಳಿ ಆಡುವ ಅವಕಾಶವಿದೆ. ಹಾಗೆ ಹೇಳಿದ ಮೇಲೆ ತನ್ನ ಬಾಲ್ ಬಿದ್ದರೂ ಸರದಿ ಎದುರಾಳಿಗೇ ಹೋಗುತ್ತದೆ.

ಸ್ನೂಕರ್‌ನಲ್ಲಂತೂ ಹಿಂದಿರುವವರಿಗೆ ಕೆಲವೊಮ್ಮೆ ಇದೊಂದೇ ದಾರಿ. ಆರು ಬಣ್ಣದ ಬಾಲ್‌ಗಳು ಮಾತ್ರ ಉಳಿದಾಗ ಸಿಗುವುದು ಒಟ್ಟು 27 ಅಂಕ. 30 ಅಂಕ ಹಿಂದಿದ್ದರೆ ಎಲ್ಲವನ್ನೂ ಪಾಟ್ ಮಾಡಿದರೂ ಸೋಲು. ಎದುರಾಳಿಯನ್ನು ಸಿಕ್ಕಿಸಿ ಒಂದು ಫೌಲ್ ಮಾಡಿಸಿದರೆ ಕನಿಷ್ಠ 4 ಅಂಕ ಸೇರಿ ಅಂತರ 26ಕ್ಕೆ ಇಳಿಯುತ್ತದೆ, ಆಟಕ್ಕೆ ಮತ್ತೆ ಜೀವ ಬರುತ್ತದೆ. ಬೆಂಗಳೂರಿನ ವಿದ್ಯಾ ಪಿಳ್ಳೈ 2017ರಲ್ಲಿ ಸಿಂಗಪುರದ ಮಹಿಳಾ ವಿಶ್ವ ಸ್ನೂಕರ್ ಫೈನಲ್‌ನಲ್ಲಿ ಹಾಂಗ್‌ಕಾಂಗ್‌ನ ಎನ್‌ಜಿ ಆನ್ ಯೀ ಎದುರು ಒಂದೇ ಫ್ರೇಮನ್ನು (ಒಂದು ಸುತ್ತಿನ ಆಟವನ್ನು) 77 ನಿಮಿಷ ಆಡಿದರು. ಫೈನಲ್ 5–6ರಲ್ಲಿ ಕೈತಪ್ಪಿತು. ಅಷ್ಟು ಹೊತ್ತು ಪಟ್ಟು ಬಿಡದೆ ನಿಲ್ಲುವುದು ಅಂಜುಬುರುಕರ ಕೆಲಸವಲ್ಲ.

ತಪ್ಪು ಕಲ್ಪನೆ: ಬಾಲ್ ಮರೆಯಾದರೆ ಎದುರಾಳಿಯ ಕತೆ ಮುಗಿಯಿತು.

ಸತ್ಯ: ಮುಗಿಯುವುದಿಲ್ಲ. 1995ರಲ್ಲಿ ಅಮೆರಿಕದ ರೀನೋದಲ್ಲಿ ಅರ್ಲ್ ಸ್ಟ್ರಿಕ್‌ಲ್ಯಾಂಡ್ ಮರೆಮಾಡಿದ ಬಾಲನ್ನು ಫಿಲಿಪ್ಪೀನ್ಸ್‌ನ ಎಫ್ರೆನ್ ರೆಯೆಸ್ ಬಿಳಿ ಬಾಲನ್ನು ಎರಡು ಕುಷನ್‌ಗಳಿಂದ ತಿರುಗಿಸಿ ತಂದು ಪಾಟ್ ಮಾಡಿದರು. ಆದ್ದರಿಂದ ಮರೆಯ ಜೊತೆಗೆ ದೂರವೂ ಬೇಕು, ಎದುರಾಳಿಯ ಬಾಲ್ ಪಾಕೆಟ್ ಬಾಯಲ್ಲಿ ಉಳಿಯಬಾರದು.

ಪಾರ್ಲರ್‌ನಿಂದ ಪಾರ್ಲರ್‌ಗೆ ನಿಯಮ ಬೇರೆಯಾಗಬಹುದು. ಫೌಲ್ ಆದಾಗ ಬಿಳಿ ಬಾಲನ್ನು ಆಟ ಆರಂಭಿಸುವ ಗೆರೆಯ ಹಿಂದಿನಿಂದಷ್ಟೇ ಆಡಬೇಕೆಂಬ ರೂಢಿ ಇದ್ದರೆ ಸೇಫ್ಟಿಯ ಲಾಭ ಕಡಿಮೆ. ಬ್ರೇಕ್ ಹೊಡೆಯುವ ಮೊದಲೇ ಇದನ್ನು ಕೇಳಿಕೊಂಡರೆ ಯಾವಾಗ ಹೊಡೆಯಬೇಕು, ಯಾವಾಗ ತಡೆಯಬೇಕು ಎಂಬ ಲೆಕ್ಕ ಸರಿಹೋಗುತ್ತದೆ.