ನಿಮಗಿದು ಗೊತ್ತೆ? ಪಾಸ್‌ವರ್ಡ್ ಇಲ್ಲದೆಯೂ ವಿಂಡೋಸ್ ಹೊಸದಾಗಿ ಹಾಕಬಹುದು
ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಕೊಂಡು ಅರಕಲಗೂಡಿಗೆ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಹಳೆಯ ಮಾಲೀಕರ ಪಾಸ್‌ವರ್ಡ್ ಕೇಳಿದರೆ ಗಾಬರಿ ಬೇಡ. ಆ ಪಾಸ್‌ವರ್ಡ್ ಡಿಸ್ಕ್‌ನಲ್ಲಿರುವ ವಿಂಡೋಸ್‌ಗೆ ಸೇರಿದ್ದು, ಯಂತ್ರಕ್ಕಲ್ಲ. ಬೇರೊಂದು ಕಂಪ್ಯೂಟರಿನಲ್ಲಿ ಮೈಕ್ರೋಸಾಫ್ಟ್ ಜಾಲತಾಣದಿಂದ ಇನ್‌ಸ್ಟಾಲರನ್ನು 8 ಜಿಬಿಯ ಖಾಲಿ ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ಆನ್ ಮಾಡುತ್ತಲೇ ಎಫ್‌12 (ಕೆಲವು ಕಂಪನಿಗಳಲ್ಲಿ ಎಫ್‌9 ಅಥವಾ ಎಸ್ಕೇಪ್) ಒತ್ತಿ ಪೆನ್‌ಡ್ರೈವ್ ಆರಿಸಿದರೆ ಅನುಸ್ಥಾಪನೆ ಶುರುವಾಗುತ್ತದೆ. ಹಳೆಯ ಪಾರ್ಟಿಷನ್ ಅಳಿಸಿದರೆ ಅದರಲ್ಲಿದ್ದ ಫೈಲುಗಳೂ ಹೋಗುತ್ತವೆ; ಹಿಂದಿನವರ ಖಾಸಗಿ ಫೋಟೊ, ದಾಖಲೆ ಅಳಿಯುವುದೇ ಸರಿ. ಕಂಪನಿ ಹಾಕಿಕೊಟ್ಟ ಲೈಸೆನ್ಸ್ ಸಾಮಾನ್ಯವಾಗಿ ಮದರ್‌ಬೋರ್ಡ್‌ನಲ್ಲೇ ಇರುವುದರಿಂದ, ಅದೇ ಎಡಿಷನ್ ಹಾಕಿದರೆ ಇಂಟರ್‌ನೆಟ್ ಸಿಕ್ಕಾಗ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಬಯೋಸ್ ಪಾಸ್‌ವರ್ಡ್ ಮತ್ತು ಆ್ಯಪಲ್‌ನ ಆ್ಯಕ್ಟಿವೇಷನ್ ಲಾಕ್ ಮಾತ್ರ ಡಿಸ್ಕ್ ಅಳಿಸಿದರೂ ಹೋಗವು. ಅವನ್ನು ಮಾರಿದವರಿಂದಲೇ ತೆಗೆಸಬೇಕು.