ಊರ ಶಾಲೆಯಲ್ಲೇ ಕಲಿಯಲಿ ಮಗು: ಸಮನ್ವಯ ಶಿಕ್ಷಣ ನಡೆಯುವ ಬಗೆ

ಕಣ್ಣು ಕಾಣದ ಮಕ್ಕಳಿಗೆ ವಿದ್ಯೆ ಕಲಿಸುವುದು ಗದಗ ಜಿಲ್ಲೆಗೆ ಹೊಸತಲ್ಲ. ಸ್ವತಃ ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮ, ಅವರ ನಂತರ ಪುಟ್ಟರಾಜ ಗವಾಯಿಗಳ ಕಾಲದಲ್ಲಿ, ಅದೆಷ್ಟೋ ಅಂಧ ಮಕ್ಕಳಿಗೆ ಅನ್ನ, ಆಸರೆ, ಸಂಗೀತ ಕೊಟ್ಟಿತು. ಆದರೆ ಅಲ್ಲಿ ಕಲಿಯಲು ಮಗು ಮನೆ ಬಿಟ್ಟು ಹೋಗಬೇಕಿತ್ತು. ಈಗಿನ ಕಾನೂನು ಇನ್ನೊಂದು ಬಾಗಿಲನ್ನೂ ತೆರೆದಿದೆ: ಇದೇ ಜಿಲ್ಲೆಯ ಶಿಗ್ಲಿಯ ಮಗು ಶಿಗ್ಲಿಯ ಶಾಲೆಯಲ್ಲೇ, ತನ್ನ ಓಣಿಯ ಗೆಳೆಯರ ಪಕ್ಕದಲ್ಲೇ ಕೂತು ಕಲಿಯಬಹುದು. ಇದೇ ಸಮನ್ವಯ ಶಿಕ್ಷಣ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ನ್ಯೂನತೆಗಳನ್ನು ಗುರುತಿಸುತ್ತದೆ. ನ್ಯೂನತೆ ಶೇ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನ ಕಡೆಯವರದು, ಶಾಲೆಯದಲ್ಲ.

"ಸರ್ಟಿಫಿಕೇಟ್ ಬರಲಿ, ಆಮ್ಯಾಲೆ ನೋಡೂಣು" ಎಂಬ ಮಾತಿನಲ್ಲಿ ಎಷ್ಟೋ ಮಕ್ಕಳ ವರ್ಷಗಳು ಕಳೆದುಹೋಗುತ್ತವೆ. ನ್ಯೂನತೆಯ ಸರ್ಟಿಫಿಕೇಟ್ ಬೇಕಾಗುವುದು ಸಲಕರಣೆಗೆ, ಭತ್ಯೆಗೆ, ಪರೀಕ್ಷೆಯ ರಿಯಾಯಿತಿಗೆ. ಪಾಠಕ್ಕೆ ಅದು ಬೇಕಿಲ್ಲ. ಕಾಗದದ ಕೆಲಸ ಒಂದು ಕಡೆ ಸಾಗುತ್ತಿರಲಿ, ತರಗತಿಯ ಬದಲಾವಣೆ ನಾಳೆಯಿಂದಲೇ ಆಗಲಿ.

ಕಾಗದದ ಕೆಲಸ ಶುರುವಾಗುವುದು ತರಗತಿ ಶಿಕ್ಷಕರಿಂದ. ಎನ್‌ಸಿಇಆರ್‌ಟಿ 2022ರಲ್ಲಿ ತಂದ 'ಪ್ರಶಸ್ತ್' ಎಂಬ ಆ್ಯಪ್‌ನಲ್ಲಿ ಶಿಕ್ಷಕರು ತುಂಬುವ ಪ್ರಶ್ನಾವಳಿ ಇದೆ. ಅದು ರೋಗನಿರ್ಣಯವಲ್ಲ, ಈ ಮಗುವನ್ನು ತಜ್ಞರು ನೋಡಬೇಕು ಎಂಬ ಸೂಚನೆ ಮಾತ್ರ. ಅನುಮಾನ ಬಂದ ಮಕ್ಕಳ ವಿಷಯವನ್ನು ತಾಲ್ಲೂಕಿನ ಸಂಪನ್ಮೂಲ ಕೇಂದ್ರದಲ್ಲಿರುವ (ಬಿಆರ್‌ಸಿ) ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿಗೆ, ಅಂದರೆ ಬಿಐಇಆರ್‌ಟಿಗಳಿಗೆ ತಿಳಿಸಬೇಕು. ತಾಲ್ಲೂಕಿನ ವೈದ್ಯಕೀಯ ಮೌಲ್ಯಾಂಕನ ಶಿಬಿರದಲ್ಲಿ ವೈದ್ಯರು ಮಗುವನ್ನು ನೋಡಿ ಶ್ರವಣಸಾಧನ, ಗಾಲಿಕುರ್ಚಿ, ಕ್ಯಾಲಿಪರ್‌ಗಳಿಗೆ ಶಿಫಾರಸು ಮಾಡುತ್ತಾರೆ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿನ ಅರ್ಜಿಗೆ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು. ಮುಖ್ಯ ಗುರುಗಳು ಮಾತ್ರ ಒಂದು ಕೆಲಸ ಮರೆಯಬಾರದು: ಶಾಲೆಯ ಆನ್‌ಲೈನ್ ದಾಖಲೆಯಲ್ಲಿ ಮಗುವಿನ ನ್ಯೂನತೆಯನ್ನು ನಮೂದಿಸುವುದು. ಅದು ಬಿಟ್ಟುಹೋದರೆ ಆ ಮಗು ಇಲಾಖೆಯ ಲೆಕ್ಕಕ್ಕೇ ಸಿಗುವುದಿಲ್ಲ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಇಂಥ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿವರೆಗೆ ನಿಗದಿಯಿದೆ. ಇದು ಕೈಗೆ ಬರುವ ನಗದಲ್ಲ, ಶಿಬಿರ, ಸಲಕರಣೆ, ಕಲಿಕಾ ಸಾಮಗ್ರಿಗಳ ಖರ್ಚೂ ಇದರಲ್ಲೇ. ಇವರಲ್ಲಿ ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿಯಂತೆ 10 ತಿಂಗಳು ಪ್ರೋತ್ಸಾಹ ಭತ್ಯೆ ಬೇರೆ ಇದೆ.

ಇನ್ನು ತರಗತಿ. ಒಂದರಿಂದ ಮೂರನೇ ತರಗತಿಯವರೆಗೆ ನಮ್ಮ ಸರ್ಕಾರಿ ಶಾಲೆಗಳ ಕೈಯಲ್ಲಿ ಒಳ್ಳೆಯ ಸಾಧನವೇ ಇದೆ: ನಲಿ-ಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ಈ ಪದ್ಧತಿಯಲ್ಲಿ ಪ್ರತಿ ಮಗು ಕಲಿಕಾ ಏಣಿಯನ್ನು ತನ್ನದೇ ವೇಗದಲ್ಲಿ ಏರುತ್ತದೆ. ಪೂರ್ತಿ ಶಿಕ್ಷಕರ ಸಹಾಯದಿಂದ ಕಲಿಯುವವರು, ಗೆಳೆಯರ ಸಹಾಯದಿಂದ ಕಲಿಯುವವರು, ತಾವೇ ಕಲಿಯುವವರು ಎಂದು ಗುಂಪುಗಳಿರುತ್ತವೆ. ನಿಧಾನ ಕಲಿಯುವ ಮಗು ಅಲ್ಲಿ ಯಾರ ಕಣ್ಣಿಗೂ ಬೇರೆಯಾಗಿ ಕಾಣುವುದಿಲ್ಲ. ತೊಂದರೆ ನಾಲ್ಕನೇ ತರಗತಿಯಲ್ಲಿ. ಇಡೀ ತರಗತಿಗೆ ಒಂದೇ ಪುಟ, ಒಂದೇ ವೇಗ ಎಂದಾದಾಗ ಆ ಮಗು ಹಿಂದಿನ ಸಾಲಿಗೆ ಸರಿಯುತ್ತದೆ. ನಾಲ್ಕರಲ್ಲೂ ದಿನಕ್ಕೊಂದು ಅವಧಿಯನ್ನಾದರೂ ಗುಂಪಿನಲ್ಲೇ ನಡೆಸಿದರೆ ದೊಡ್ಡ ಕೆಲಸವೇ ಆದಂತೆ.

ಶ್ರವಣದೋಷದ ವಿಚಾರ ಶಿಗ್ಲಿಯಂಥ ನೇಕಾರರ ಊರಿಗೆ ವಿಶೇಷವಾಗಿ ಬೇಕು. ಶ್ರವಣಸಾಧನ ಮಾತನ್ನಷ್ಟೇ ಅಲ್ಲ, ಮಗ್ಗದ ಸದ್ದನ್ನೂ ಫ್ಯಾನಿನ ಸದ್ದನ್ನೂ ಏರಿಸುತ್ತದೆ. ವಿದ್ಯುತ್ ಮಗ್ಗ ಓಡುವ ಮನೆಯಲ್ಲಿ ಮಗು ಸಾಧನವನ್ನು ಕಿತ್ತಿಟ್ಟರೆ ಬೈಯಬಾರದು. ಆ ಮಗುವಿಗೆ ಮಾತು ತಿಳಿಯಾಗಿ ಸಿಗುವ ಜಾಗ ಶಾಲೆಯೇ ಆಗಬೇಕು. ಮುಂದಿನ ಸಾಲಿನಲ್ಲಿ, ರಸ್ತೆಯ ಕಿಟಕಿಯಿಂದ ದೂರ ಕೂರಿಸಿ. ಬೋರ್ಡಿನ ಕಡೆ ಮುಖ ಮಾಡಿ ಮಾತಾಡಬೇಡಿ, ಮಗು ತುಟಿ ನೋಡಿಯೂ ಅರ್ಥಮಾಡಿಕೊಳ್ಳುತ್ತದೆ. ಹಿಂದಿನಿಂದ ಯಾರಾದರೂ ಉತ್ತರ ಹೇಳಿದರೆ ನೀವು ಮತ್ತೊಮ್ಮೆ ಹೇಳಿ. ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಸಾಧನವನ್ನು ಆನ್ ಮಾಡಿ ಅಂಗೈಯೊಳಗೆ ಮುಚ್ಚಿ ಹಿಡಿಯಿರಿ. ಸಾಮಾನ್ಯವಾಗಿ ಕುಂಯ್ ಎಂಬ ಸೀಟಿ ಕೇಳಿಸುತ್ತದೆ. ಕೇಳಿಸದಿದ್ದರೆ ಮೊದಲು ಬ್ಯಾಟರಿ ಬದಲಿಸಿ ನೋಡಿ. ಸತ್ತ ಬ್ಯಾಟರಿಯ ಸಾಧನ ಕಿವಿಯಲ್ಲಿದ್ದರೆ ಬರಿಗಿವಿಗಿಂತ ಕಡಿಮೆ ಕೇಳಿಸುತ್ತದೆ.

ಕಣ್ಣು, ಕಿವಿ, ಬುದ್ಧಿ ಎಲ್ಲ ಚೆನ್ನಾಗಿದ್ದೂ ಓದು ಬಾರದ ಮಗುವನ್ನು ಗುರುತಿಸುವುದು ಹೆಚ್ಚು ಕಷ್ಟ. 'ಹಕ್ಕಿ'ಯನ್ನು 'ಹಕಿ' ಎಂದು, 'ಕತ್ತರಿ'ಯನ್ನು 'ಕತರಿ' ಎಂದು ಓದುತ್ತದೆ, ಹ್ರಸ್ವ ದೀರ್ಘ ಅದಲುಬದಲಾಗುತ್ತವೆ, ಬಾಯಲ್ಲಿ ಸರಸರನೆ ಹೇಳಿದ ಉತ್ತರ ಬರವಣಿಗೆಯಲ್ಲಿ ಮೂರು ಪದಕ್ಕೆ ನಿಲ್ಲುತ್ತದೆ. ಒತ್ತಕ್ಷರವನ್ನು ಬೇರೆ ಬಣ್ಣದ ಚಾಕ್‌ಪೀಸಿನಲ್ಲಿ ಬರೆಯಿರಿ. ಬೋರ್ಡಿನಿಂದ ನಕಲು ಮಾಡಿಸುವ ಬದಲು ಗೆಳೆಯನ ನೋಟ್ಸ್ ಕೊಡಿಸಿ. ಗೊತ್ತಿದೆಯೋ ಇಲ್ಲವೋ ಎಂದು ತಿಳಿಯಲು ಬಾಯಲ್ಲೇ ಕೇಳಿ. ಆದರೆ ಮನೆಯಲ್ಲಿ 'ಬರ್ತೈತಿ', 'ಹೊಂಟೀನಿ' ಎನ್ನುವ ಮಗು ಹಾಗೆಯೇ ಬರೆದರೆ ಅದು ನ್ಯೂನತೆಯಲ್ಲ, ಅದರ ಮನೆಮಾತು. ನಿರ್ದಿಷ್ಟ ಕಲಿಕಾ ನ್ಯೂನತೆಯ ಪ್ರಮಾಣಪತ್ರಕ್ಕೆ ಬೆಂಗಳೂರಿನ ನಿಮ್ಹಾನ್ಸ್ ರೂಪಿಸಿದ ಪರೀಕ್ಷಾ ಸರಣಿಯನ್ನು ಬಳಸುತ್ತಾರೆ. ಶಾಲೆಯಲ್ಲಿ ಇದರ ತಪಾಸಣೆ ಮೂರನೇ ತರಗತಿ ಅಥವಾ 8 ವರ್ಷದ ಹೊತ್ತಿಗೆ.

ಶಾಲೆಗೆ ಬರಲಾಗದಷ್ಟು ತೀವ್ರ ನ್ಯೂನತೆಯಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಗೃಹಾಧಾರಿತ ಶಿಕ್ಷಣಕ್ಕೆ ಅವಕಾಶ ಕೊಟ್ಟಿದೆ. ಸಂಪನ್ಮೂಲ ಶಿಕ್ಷಕರು ಮನೆಗೇ ಬಂದು ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಕೊನೆಯ ದಾರಿಯಾಗಬೇಕು. ರ‍್ಯಾಂಪ್ ಇಲ್ಲ, ಶೌಚಾಲಯ ಸರಿಯಿಲ್ಲ ಎಂಬ ಕಾರಣಕ್ಕೆ ಮಗುವನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯ. ಸುಪ್ರೀಂ ಕೋರ್ಟ್ 2021ರಲ್ಲಿ ಪ್ರಾಥಮಿಕ ಹಂತದಲ್ಲಿ ನ್ಯೂನತೆಯಿರುವ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರಿರಬೇಕು ಎಂದಿತು. ಒಂದು ತಾಲ್ಲೂಕಿನ ಊರೂರು ಸುತ್ತುವ ಬೆರಳೆಣಿಕೆಯ ಬಿಐಇಆರ್‌ಟಿಗಳಿಂದ ಅದು ಆಗುವ ಮಾತಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಶೇಷ ಶಿಕ್ಷಕರ ಬೇಡಿಕೆಯನ್ನು ನಡಾವಳಿಗೆ ಸೇರಿಸಿ ಬಿಇಒ ಕಚೇರಿಗೆ ಕಳಿಸಬೇಕು.

ಕೊನೆಗೆ ಎಸ್ಸೆಸ್ಸೆಲ್ಸಿ. ಬರೆಯಲಾಗದ ವಿದ್ಯಾರ್ಥಿಗೆ ಲಿಪಿಕಾರರ ಸೌಲಭ್ಯವೂ ಹೆಚ್ಚುವರಿ ಸಮಯವೂ ಇವೆ. ಕೇಂದ್ರದ 2018ರ ಮಾರ್ಗಸೂಚಿ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಕೊಡಬಾರದು ಎಂದಿತ್ತು. ಈ ಸೌಲಭ್ಯಗಳನ್ನು ಪರೀಕ್ಷೆಗೆ ನೋಂದಾಯಿಸುವಾಗಲೇ ಶಾಲೆಯ ಮೂಲಕ ಕೇಳಬೇಕು. ಉತ್ತರ ಹೇಳಿ ಬರೆಸುವುದೂ ಅಭ್ಯಾಸದಿಂದ ಬರುವ ಕಲೆ, ಎಂಟನೇ ತರಗತಿಯ ಕಿರುಪರೀಕ್ಷೆಗಳಿಂದಲೇ ಅದನ್ನು ರೂಢಿ ಮಾಡಿಸಿ.