ಉಂಡ ಅನ್ನ ಮೈಗೆ ಹತ್ತುವ ಬಗೆ

“ಉಂಡದ್ದು ಮೈಗೆ ಹತ್ತಲಿಲ್ಲ” ಎಂದು ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಅನ್ನವು ಮೈಗೆ ಹತ್ತುವುದೆಂದರೇನು? ಮುದ್ದೆಯಾಗಲಿ, ರೊಟ್ಟಿಯಾಗಲಿ, ನಡೆಯುವ ಕಾಲಿಗೂ ಮಿಡಿಯುವ ಹೃದಯಕ್ಕೂ ಶಕ್ತಿಯಾಗಿ ಒದಗುವುದು ಹೇಗೆ? ವೈದ್ಯನಲ್ಲದ ನನಗೆ ಈ ವ್ಯವಹಾರವು ಜಮಾ-ಖರ್ಚಿನ ಭಾಷೆಯಲ್ಲಿಯೇ ಸುಲಭವಾಗಿ ತಿಳಿಯಿತು. ಅದನ್ನೇ ವಾಚಕರ ಮುಂದಿಡುತ್ತೇನೆ.

ಊರಿನ ಜಮೀನು, ಮನೆಯ ಬಂಗಾರ ಸಂಪತ್ತೇ ಸರಿ. ಆದರೆ ಅವನ್ನು ತೋರಿಸಿ ಬಸ್ಸಿನ ಟಿಕೇಟು ಕೊಳ್ಳಲಾಗದು. ಅದಕ್ಕೆ ಚಿಲ್ಲರೆ ಬೇಕು. ಹಾಗೆಯೇ ಆಹಾರದಲ್ಲಿ ಅಡಗಿರುವ ಶಕ್ತಿಯನ್ನು ಜೀವಕೋಶವು ನೇರವಾಗಿ ಬಳಸಲಾರದು. ಅದರ ಚಿಲ್ಲರೆ ನಾಣ್ಯವೇ ಅಡಿನೋಸಿನ್ ಟ್ರೈಫಾಸ್ಫೇಟ್, ಸಂಕ್ಷೇಪವಾಗಿ ಎ.ಟಿ.ಪಿ. ಇದರ ಮೂರು ಫಾಸ್ಫೇಟುಗಳಲ್ಲಿ ಕೊನೆಯದು ಕಳಚಿದಾಗ ದೊರೆಯುವ ಶಕ್ತಿಯಿಂದ ಸ್ನಾಯುಗಳು ಕೆಲಸ ಮಾಡುತ್ತವೆ. 1929ರಲ್ಲಿ ಜರ್ಮನಿಯ ಕಾರ್ಲ್ ಲೋಮನ್ ಇದನ್ನು ಕಂಡುಹಿಡಿದರು. ಅದೇ ಕಾಲದಲ್ಲಿ ಹಾರ್ವರ್ಡ್ ವೈದ್ಯಶಾಲೆಯಲ್ಲಿ ಸೈರಸ್ ಫಿಸ್ಕೆಯವರೊಡನೆ ದುಡಿಯುತ್ತಿದ್ದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಸ್ವತಂತ್ರವಾಗಿ ಇದನ್ನು ಗುರುತಿಸಿದರೆಂಬುದು ನಮಗೆ ಹೆಮ್ಮೆಯ ಸಂಗತಿ.

ಅನ್ನದ ಪಿಷ್ಟವು ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತವನ್ನು ಸೇರುತ್ತದೆ. ಸ್ನಾಯುಗಳ ಕೋಶಗಳು ಅದನ್ನು ಧಾರಾಳವಾಗಿ ಒಳಗೆ ಬಿಟ್ಟುಕೊಳ್ಳಲು ಇನ್ಸುಲಿನ್ನಿನ ಅಪ್ಪಣೆ ಬೇಕು. ಮಧುಮೇಹಿಯ ರಕ್ತದಲ್ಲಿ ಸಕ್ಕರೆ ಹೆಚ್ಚಿದ್ದರೂ ಆಯಾಸ ತಪ್ಪದಿರುವುದು ಇದರಿಂದಲೇ: ಹಣವು ಬಾಗಿಲಿಗೆ ಬಂದಿದೆ, ಖಾತೆಗೆ ಜಮೆಯಾಗಿಲ್ಲ.

ಕೋಶದೊಳಗೆ ಗ್ಲೂಕೋಸ್ ಮೊದಲು ಎರಡು ಹೋಳಾಗುವುದು. ಇದಕ್ಕೆ ಆಮ್ಲಜನಕ ಬೇಡ. ಆದರೆ ನಿವ್ವಳ ಲಾಭ ಎರಡೇ ಎ.ಟಿ.ಪಿ. ಮುಂದಿನ ಕೆಲಸ ಮೈಟೊಕಾಂಡ್ರಿಯ ಎಂಬ ಸೂಕ್ಷ್ಮ ಕಾರ್ಖಾನೆಗಳದು. 1937ರಲ್ಲಿ ಹಾನ್ಸ್ ಕ್ರೆಬ್ಸ್ ವಿವರಿಸಿದ ಚಕ್ರದಲ್ಲಿ ಇಂಗಾಲವು ಇಂಗಾಲದ ಡೈ ಆಕ್ಸೈಡಾಗಿ ಹೊರಬೀಳುತ್ತದೆ. ನಾವು ಹೊರಬಿಡುವ ಉಸಿರಿನಲ್ಲಿರುವುದು ಅದೇ. ಬಿಡುಗಡೆಯಾದ ಎಲೆಕ್ಟ್ರಾನುಗಳು ಕೈಯಿಂದ ಕೈಗೆ ಸಾಗಿ, ಕೊನೆಗೆ ಆಮ್ಲಜನಕವನ್ನು ಸೇರಿ ನೀರಾಗುತ್ತವೆ. ಈ ಸಾಗಾಟದ ಶಕ್ತಿಯಿಂದ ಪ್ರೋಟಾನುಗಳು ಪೊರೆಯ ಒಂದು ಬದಿಯಲ್ಲಿ ಒಟ್ಟಾಗುತ್ತವೆ. ಲಿಂಗನಮಕ್ಕಿಯಲ್ಲಿ ತಡೆದ ಶರಾವತಿಯ ನೀರು ಇಳಿದು ಯಂತ್ರ ತಿರುಗಿಸುವಂತೆ, ಅವು ಹಿಂದಿರುಗುವಾಗ ಪುಟ್ಟ ಚಕ್ರವೊಂದನ್ನು ತಿರುಗಿಸಿ ಎ.ಟಿ.ಪಿ.ಯನ್ನು ಟಂಕಿಸುತ್ತವೆ. 1961ರಲ್ಲಿ ಪೀಟರ್ ಮಿಚೆಲ್ ಮಂಡಿಸಿದ ಈ ವಿಚಾರಕ್ಕೆ 1978ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹೀಗೆ ಒಂದು ಗ್ಲೂಕೋಸಿನಿಂದ ಒಟ್ಟು ಸುಮಾರು 30 ಎ.ಟಿ.ಪಿ. ದೊರೆಯುತ್ತವೆ.

ಖರ್ಚಾಗದ ಗ್ಲೂಕೋಸ್ ಯಕೃತ್ತು ಮತ್ತು ಸ್ನಾಯುಗಳಲ್ಲಿ ಗ್ಲೈಕೋಜೆನ್ ಆಗಿ ನಿಲ್ಲುವುದು; ಇದು ಉಳಿತಾಯ ಖಾತೆ. ಅದಕ್ಕೂ ಮೀರಿದ್ದು ಕೊಬ್ಬೆಂಬ ಮುದ್ದತಿನ ಠೇವಣಿ. ಒಂದು ಗ್ರಾಂ ಪಿಷ್ಟದಲ್ಲಿ 4 ಕಿಲೊಕ್ಯಾಲೊರಿಯಿದ್ದರೆ ಕೊಬ್ಬಿನಲ್ಲಿ 9. ಕುಳಿತೇ ದುಡಿಯುವ ನಗರವಾಸಿಗಳಲ್ಲಿ ಈ ಠೇವಣಿ ಬೆಳೆಯುತ್ತಲೇ ಹೋಗುವುದು ಸಹಜ.

ಆದರೆ ಎ.ಟಿ.ಪಿ.ಯನ್ನು ಮಾತ್ರ ಕೂಡಿಡಲಾಗದು. ಯಾವುದೇ ಕ್ಷಣದಲ್ಲಿ ದೇಹದಲ್ಲಿರುವುದು ಅತ್ಯಲ್ಪ. ದಿನವಿಡೀ ಮತ್ತೆ ಮತ್ತೆ ಚಲಾವಣೆಯಾದ ಮೊತ್ತವನ್ನು ಕೂಡಿದರೆ ಮಾತ್ರ ಹೆಚ್ಚುಕಡಿಮೆ ದೇಹದ ತೂಕದಷ್ಟಾದೀತು. ಆದುದರಿಂದ ಆಮ್ಲಜನಕ ನಿಂತರೆ ಸೊಂಟದ ಸುತ್ತಲಿನ ಠೇವಣಿ ಎಷ್ಟಿದ್ದರೂ ನಿರುಪಯೋಗ. ಮಿದುಳಿನ ಕೋಶಗಳು ಕೆಲವೇ ನಿಮಿಷಗಳಲ್ಲಿ ಸಾಯತೊಡಗುತ್ತವೆ. ರಕ್ತನಾಳ ಕಟ್ಟಿಕೊಂಡ ಹೃದಯದ ಸ್ನಾಯುವೂ ಹೆಚ್ಚು ಹೊತ್ತು ತಾಳದು.

ಎದೆಯಲ್ಲಿ ಒತ್ತಿದಂತಾಗಿ ಬೆವರು ಬಂದಾಗ “ವಾಯು ಇರಬೇಕು” ಎಂದು ಸೋಡಾ ಕುಡಿದು ಲೋಕಲ್ ಹಿಡಿಯುವವರು ನಮ್ಮಲ್ಲಿ ಕಡಿಮೆಯಿಲ್ಲ. ರಜೆ ಹೋದೀತೆಂದೋ, ನೆರೆಯವರಿಗೆ ತೊಂದರೆಯೆಂದೋ ತಡಮಾಡಬಾರದು. ಕೂಡಲೇ ಆಸ್ಪತ್ರೆಯನ್ನು ಸೇರಬೇಕು. ಬಂಧುಗಳು ದೂರವಿರುವ ಈ ಊರಿನಲ್ಲಿ ನೆರೆಯವರೇ ಬಂಧುಗಳು.

ಇನ್ನು ದಿನವೂ ಬಿರುಸಾಗಿ ನಡೆಯುವುದರಿಂದ ಸ್ನಾಯುಗಳಲ್ಲಿ ಮೈಟೊಕಾಂಡ್ರಿಯಗಳೇ ಹೆಚ್ಚುತ್ತವೆ, ಇನ್ಸುಲಿನ್ನಿನ ಅಪ್ಪಣೆಯೂ ಚೆನ್ನಾಗಿ ನಡೆಯುತ್ತದೆ. ಅನ್ನವು ಮೈಗೆ ಹತ್ತಬೇಕಾದರೆ ಉಂಡರಷ್ಟೇ ಸಾಲದು, ಮೈಯೂ ದುಡಿಯಬೇಕು.